ಒಂದು ವರ್ಷದ ಷರತ್ತು

ಮಹಿಳಾ ವೇದಿಕೆಯ ಸಂಚಿಕೆಗೆ ನಾನು ಪ್ರತಿ ವರ್ಷ ಕಳಿಸುತ್ತಿದ್ದದ್ದು ಅಡುಗೆ ವಿಧಾನ. ಒಂದು ಸಲ ಬದನೇಕಾಯಿ ಎಣ್ಣೆಗಾಯಿ, ಇನ್ನೊಂದು ಸಲ ಗೋದಿ ಹುಗ್ಗಿ. ಈ ಸಲವೂ ಅವರೆಕಾಳಿನ ಬಗ್ಗೆ ಬರೆಯೋಣ ಅಂತಲೇ ಕೂತಿದ್ದೆ. ಅವರೆಕಾಳು ನನ್ನನ್ನು ಎಲ್ಲೆಲ್ಲಿಗೋ ಎಳೆದುಕೊಂಡು ಹೋಯಿತು. ಹೀಗಾಗಿ ಈ ವರ್ಷ ಅಡುಗೆ ಇಲ್ಲ, ಒಬ್ಬ ಹೆಣ್ಣುಮಗಳ ಕತೆ ಇದೆ. ಅವರ ಹೆಸರು ಕಮಲಾ ಸೊಹೊನಿ. ತೀರಿಕೊಂಡು ಇಪ್ಪತ್ತೈದು ವರ್ಷ ದಾಟಿದೆ.

ಮೊದಲು ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ನಾನು ಧಾರವಾಡದವಳು. 1996ರಲ್ಲಿ ಕೆಮಿಸ್ಟ್ರಿಯಲ್ಲಿ ಬಿ.ಎಸ್‌ಸಿ. ಮುಗಿಸಿದೆ. ಎಂ.ಎಸ್‌ಸಿ.ಗೆ ಸೀಟು ಸಿಕ್ಕಿತ್ತು, ಅಷ್ಟರಲ್ಲಿ ಮದುವೆ ಗೊತ್ತಾಯಿತು. ನಮ್ಮವರಿಗೆ ಓಝರ್‌ನ ಎಚ್‌.ಎ.ಎಲ್‌.ನಲ್ಲಿ ಕೆಲಸ, ಹಾಗಾಗಿ ನಾಸಿಕಕ್ಕೆ ಬಂದೆ. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾನೇ ಸೀಟು ಬಿಟ್ಟೆ. ಬಿಟ್ಟದ್ದಕ್ಕೆ ಒಂದು ದಿನವೂ ಅತ್ತವಳಲ್ಲ, ಹಾಗಂತ ಮರೆತವಳೂ ಅಲ್ಲ.

ಮಗಳು 2024ರಲ್ಲಿ ಹನ್ನೆರಡನೇ ತರಗತಿ ಮುಗಿಸಿದಳು. ನನ್ನ ಲೆಕ್ಕ ಸರಳವಾಗಿತ್ತು. ಗಂಗಾಪುರ ರಸ್ತೆಯಲ್ಲೋ ಕಾಲೇಜ್ ರಸ್ತೆಯಲ್ಲೋ ಕೆಮಿಸ್ಟ್ರಿಗೆ ಸೇರುತ್ತಾಳೆ, ಸಂಜೆ ನಾಲ್ಕಕ್ಕೆ ಮನೆಗೆ ಬರುತ್ತಾಳೆ, ಬಿಸಿ ಊಟ ಮಾಡುತ್ತಾಳೆ. ಅವಳ ಲೆಕ್ಕ ಬೇರೆ ಇತ್ತು. ಛತ್ರಪತಿ ಸಂಭಾಜಿನಗರದಲ್ಲಿ ಸರಕಾರದ್ದೇ ವಿಧಿವಿಜ್ಞಾನ ಸಂಸ್ಥೆ ಇದೆ, 2009ರಲ್ಲಿ ಶುರುವಾದದ್ದು. ಅಲ್ಲಿ ಫೊರೆನ್ಸಿಕ್ ಸೈನ್ಸ್ ಓದುತ್ತೇನೆ ಎಂದಳು. ನಮ್ಮ ಅತ್ತೆಯವರು ವಿಧಿವಿಜ್ಞಾನ ಎಂಬ ಕನ್ನಡ ಪದ ಕೇಳಿ, ಮೊಮ್ಮಗಳು ಹಣೆಬರಹ ಓದುವುದನ್ನು ಕಲಿಯಲು ಹೊರಟಿದ್ದಾಳೆ ಅಂತ ತಿಳಿದು ಖುಷಿಪಟ್ಟರು. ಆಮೇಲೆ ಅದು ಕೊಲೆ, ವಿಷ, ರಕ್ತದ ಕಲೆ, ಬೆರಳಚ್ಚಿನ ಓದು ಅಂತ ಗೊತ್ತಾದಾಗ ಎರಡು ದಿನ ಮಾತು ಬಿಟ್ಟರು.

ವಾರಗಟ್ಟಲೆ ವಾದ ನಡೆಯಿತು. ಕೊನೆಗೆ ನಾನು ಮೂರು ಷರತ್ತು ಹಾಕಿ ಒಪ್ಪಿದೆ. ಒಂದು ವರ್ಷ ಮಾತ್ರ ನೋಡೋಣ, ನೂರಕ್ಕೆ ಎಪ್ಪತ್ತಕ್ಕಿಂತ ಕಡಿಮೆ ಬಂದರೆ ನಾಸಿಕಕ್ಕೆ ವಾಪಸು ಬಂದು ಕೆಮಿಸ್ಟ್ರಿಗೆ ಸೇರಬೇಕು. ಸಂಜೆ ಆರರ ನಂತರ ಲ್ಯಾಬು ಅಂತ ಹೊರಗೆ ಇರಕೂಡದು. ಹೆಣ ಕೊಯ್ಯುವ ಕಡೆಗೆ ಹೋಗಕೂಡದು. ಇದನ್ನು ಕ್ಯಾಲೆಂಡರಿನ ಹಿಂದೆ ಬರೆದು ಅವಳಿಂದ ಸಹಿಯನ್ನೂ ಹಾಕಿಸಿದೆ. ತಮಾಷೆಗೆ ಅಂತ ಹೇಳಿದೆ. ತಮಾಷೆ ಆಗಿರಲಿಲ್ಲ.

ಮನ್ಮಾಡ್ ದಾರಿಯಾಗಿ ರೈಲಿನಲ್ಲಿ ಮೂರು, ಮೂರೂವರೆ ಗಂಟೆಯ ಹಾದಿ. ಅವಳನ್ನು ಬಿಟ್ಟು ಒಬ್ಬಳೇ ವಾಪಸು ಬಂದೆ.

ಈಗ ಕಮಲಾ ಅವರ ಕತೆಗೆ ಬರುತ್ತೇನೆ. ಈ ವರ್ಷ ಮಾರ್ಚಿನ ಮಹಿಳಾ ದಿನಕ್ಕೆ ವಿಜ್ಞಾನದಲ್ಲಿ ಮಹಿಳೆಯರು ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತಾಡಬೇಕೆಂದು ವೇದಿಕೆಯವರು ನನಗೆ ಹೇಳಿದ್ದರು. ಯಾರ ಬಗ್ಗೆ ಮಾತಾಡಲಿ ಎಂದು ಮಗಳನ್ನು ಕೇಳಿದೆ. ಕಮಲಾ ಸೊಹೊನಿ ಎಂದಳು. ಕೆಮಿಸ್ಟ್ರಿ ಓದಿದ ನಾನು ಆ ಹೆಸರನ್ನೇ ಕೇಳಿರಲಿಲ್ಲ.

ಅವರು ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ಮದುವೆಗೆ ಮುಂಚಿನ ಹೆಸರು ಕಮಲಾ ಭಾಗವತ್. ಮರಾಠಿ ಬಲ್ಲವರಿಗೆ ದುರ್ಗಾ ಭಾಗವತ್ ಹೆಸರು ಗೊತ್ತಿರುತ್ತದೆ. ದೊಡ್ಡ ಲೇಖಕಿ, 1975ರಲ್ಲಿ ಕರಾಡ್‌ನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆಯಾಗಿದ್ದು ತುರ್ತುಪರಿಸ್ಥಿತಿಯ ವಿರುದ್ಧ ನಿಂತವರು. ಕಮಲಾ ಅವರ ತಂಗಿ. ಒಂದೇ ಮನೆಯಲ್ಲಿ ಇಂಥ ಇಬ್ಬರು! ತಂದೆ ನಾರಾಯಣರಾವ್, ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನ ವಿಜ್ಞಾನಿಗಳು. ಇಬ್ಬರೂ ಓದಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಬೆಂಗಳೂರಿನ ಹಳೆಯ ಜನ ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತಾರಲ್ಲ, ಅದೇ. ಆ ಸಂಸ್ಥೆಯ ಮೊದಮೊದಲ ವಿದ್ಯಾರ್ಥಿಗಳಲ್ಲಿ ಅವರು ಸೇರಿದ್ದರು. ಹೀಗಾಗಿ ಕಮಲಾಗೆ ಚಿಕ್ಕಂದಿನಿಂದಲೂ ಬೆಂಗಳೂರಿಗೆ ಹೋಗಿ ಓದಬೇಕೆಂಬ ಆಸೆ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ.

1933ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾಲಯದಿಂದ ಬಿ.ಎಸ್‌ಸಿ. ಮುಗಿಸಿದರು. ಕೆಮಿಸ್ಟ್ರಿ ಮುಖ್ಯ ವಿಷಯ, ಫಿಸಿಕ್ಸ್ ಜೊತೆಗಿನ ವಿಷಯ. ಇಡೀ ವಿಶ್ವವಿದ್ಯಾಲಯಕ್ಕೆ ಮೊದಲ ಸ್ಥಾನ. ಆ ಅಂಕಪಟ್ಟಿ ಇಟ್ಟು ಬೆಂಗಳೂರಿಗೆ ಅರ್ಜಿ ಹಾಕಿದರು. ಅದೇ ವರ್ಷ ಸರ್ ಸಿ. ವಿ. ರಾಮನ್ ಅಲ್ಲಿನ ನಿರ್ದೇಶಕರಾಗಿ ಬಂದಿದ್ದರು. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು, ಮೂರೇ ವರ್ಷದ ಹಿಂದೆ ನೊಬೆಲ್ ಪಡೆದವರು. ಅರ್ಜಿ ತಿರಸ್ಕಾರವಾಯಿತು. ಅಂಕ ಸಾಲದೆಂದಲ್ಲ, ಹೆಣ್ಣೆಂಬ ಕಾರಣಕ್ಕೆ. ತಂದೆ, ಚಿಕ್ಕಪ್ಪ ಇಬ್ಬರೂ ಹೋಗಿ ಕೇಳಿಕೊಂಡರು. ಅದೇ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳ ಮಾತೂ ನಡೆಯಲಿಲ್ಲ.

ಇದು ಓದುವಾಗ ನನಗೆ ಇರುಸುಮುರುಸಾಯಿತು. ರಾಮನ್ ಅಂದರೆ ನಮಗೆ ದೇವರ ಮನೆಯ ಪಕ್ಕದ ಫೋಟೋ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ನಾನೇ ಶಾಲೆಯ ಮಕ್ಕಳಿಗೆ ಅವರ ಬಗ್ಗೆ ಎಷ್ಟೋ ಸಲ ಹೇಳಿದ್ದೇನೆ. ಆ ದೊಡ್ಡತನ ಸುಳ್ಳಲ್ಲ. ಇದೂ ಸುಳ್ಳಲ್ಲ.

ಕಮಲಾ ಸುಮ್ಮನೆ ಮುಂಬಯಿಗೆ ಹಿಂತಿರುಗಲಿಲ್ಲ. ಗಾಂಧೀಜಿಯವರ ದಾರಿ ಕಣ್ಣ ಮುಂದಿದ್ದ ಕಾಲ. ನಿರ್ದೇಶಕರ ಕಚೇರಿಯ ಎದುರು ಸತ್ಯಾಗ್ರಹಕ್ಕೆ ಇಳಿದರು. ಯಾವ ನಿಯಮದ ಪ್ರಕಾರ ತನಗೆ ಪ್ರವೇಶವಿಲ್ಲ ಎಂಬುದನ್ನು ತಿಳಿಸಬೇಕೆಂಬುದು ಅವರ ಪಟ್ಟು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತು ಹಾಕಿ. ಮೊದಲ ಒಂದು ವರ್ಷ ಅವರು ಪೂರ್ಣ ವಿದ್ಯಾರ್ಥಿನಿ ಅಲ್ಲ, ಕೆಲಸ ನಿರ್ದೇಶಕರಿಗೆ ಒಪ್ಪಿಗೆಯಾದರೆ ಮಾತ್ರ ಆ ವರ್ಷಕ್ಕೆ ಬೆಲೆ. ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಪ್ರಯೋಗಾಲಯದ ವಾತಾವರಣ ಕೆಡಿಸಬಾರದು, ಅಂದರೆ ಅಲ್ಲಿನ ಗಂಡಸರ ಗಮನ ಅವರ ಕಡೆ ಹರಿಯಬಾರದು.

ಒಂದು ವರ್ಷ, ರಾತ್ರಿಯ ಕೆಲಸ, ಇನ್ನೊಂದು ಮಾನದ ಮಾತು. ನಾನು ಪೆನ್ನು ಕೆಳಗಿಟ್ಟು ಗೋಡೆಯ ಕ್ಯಾಲೆಂಡರ್ ಇದ್ದ ಕಡೆ ನೋಡಿದೆ. ಹಳೆಯ ವರ್ಷದ್ದು ಬಿಸಾಡಿ ಹೊಸದು ತೂಗುಹಾಕಿ ಆಗಿತ್ತು, ಷರತ್ತಿನ ಹಾಳೆಯನ್ನು ಮಾತ್ರ ಕತ್ತರಿಸಿ ಹೊಸದರ ಹಿಂದೆ ಸಿಕ್ಕಿಸಿಟ್ಟಿದ್ದೆ. ಮಗಳು ಈ ಹೆಸರನ್ನೇ ಯಾಕೆ ಹೇಳಿದಳೋ! ಬೇಕಂತಲೇ ಹೇಳಿದಳೋ, ಅವಳಿಗೆ ಇದು ಹೊಳೆದೇ ಇರಲಿಲ್ಲವೋ, ಇವತ್ತಿಗೂ ಕೇಳಿಲ್ಲ.

ಕಮಲಾ ಷರತ್ತು ಒಪ್ಪಿಕೊಂಡು ಒಳಗೆ ಹೋದರು. ಮಾರ್ಗದರ್ಶಕರು ಎಂ. ಶ್ರೀನಿವಾಸಯ್ಯ. ಬಹಳ ಶಿಸ್ತಿನ ಮೇಷ್ಟ್ರು, ಆದರೆ ಕೆಲಸ ಕಲಿಸುವುದರಲ್ಲಿ ಏನೂ ಮುಚ್ಚಿಡದವರು. ಹಾಲು, ಬೇಳೆ, ಕಾಳುಗಳಲ್ಲಿರುವ ಪ್ರೋಟೀನುಗಳ ಮೇಲೆ ಕೆಲಸ ಶುರುವಾಯಿತು. ವರ್ಷ ತುಂಬಿದಾಗ ರಾಮನ್ ಅವರಿಗೆ ತೃಪ್ತಿಯಾಯಿತು, ಸಂಶೋಧನೆ ಮುಂದುವರಿಸಲು ಅನುಮತಿ ಸಿಕ್ಕಿತು. ಆಮೇಲೆ ಸಂಸ್ಥೆಗೆ ಬೇರೆ ಹುಡುಗಿಯರಿಗೂ ಪ್ರವೇಶ ಸಿಗತೊಡಗಿತು. 1936ರಲ್ಲಿ ಕಮಲಾ ಎಂ.ಎಸ್‌ಸಿ. ಪಡೆದರು, ಡಿಸ್ಟಿಂಕ್ಷನ್‌ನೊಂದಿಗೆ.

ಹಾಗಂತ ಬಾಗಿಲು ಪೂರ್ತಿ ತೆರೆಯಿತು ಎಂದು ತಿಳಿಯಬೇಡಿ. 1940ರಲ್ಲಿ ರಾಮನ್ ಅವರ ಪ್ರಯೋಗಾಲಯಕ್ಕೆ ಬಂದ ಅಣ್ಣಾ ಮಣಿ ವಜ್ರ, ಮಾಣಿಕ್ಯಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ಪ್ರಬಂಧ ಸಲ್ಲಿಸಿದರೂ, ಎಂ.ಎಸ್‌ಸಿ. ಇಲ್ಲವೆಂದು ಮದರಾಸು ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲಿಲ್ಲ.

ಬೆಂಗಳೂರಿನಿಂದ ಕಮಲಾ ಹೋದದ್ದು ಇಂಗ್ಲೆಂಡಿನ ಕೇಂಬ್ರಿಜ್‌ಗೆ, ನ್ಯೂನ್ಹಮ್ ಕಾಲೇಜಿಗೆ. ವಿಟಮಿನ್ನುಗಳ ಕೆಲಸಕ್ಕೆ 1929ರ ನೊಬೆಲ್ ಪಡೆದ ಫ್ರೆಡರಿಕ್ ಹಾಪ್ಕಿನ್ಸ್ ಅವರ ಪ್ರಯೋಗಾಲಯ. ಅಲ್ಲಿ ಡೆರೆಕ್ ರಿಕ್ಟರ್ ಎಂಬ ವಿಜ್ಞಾನಿ ತಮ್ಮ ಮೇಜನ್ನೇ ಹಗಲು ಹೊತ್ತು ಇವರಿಗೆ ಬಿಟ್ಟುಕೊಟ್ಟರು, ರಾತ್ರಿ ಅವರು ಅದೇ ಮೇಜಿನ ಮೇಲೆ ಮಲಗುತ್ತಿದ್ದರಂತೆ. ಬೆಂಗಳೂರಿನ ಬಾಗಿಲಿಗೂ ಈ ಮೇಜಿಗೂ ಎಷ್ಟು ದೂರ ನೋಡಿ. ಆಮೇಲೆ ರಾಬಿನ್ ಹಿಲ್ ಅವರೊಡನೆ ಸಸ್ಯಗಳ ಮೇಲೆ ಕೆಲಸ. ಕೈಗೆತ್ತಿಕೊಂಡದ್ದು ನಮ್ಮ ನಿಮ್ಮ ಬುಟ್ಟಿಯ ಆಲೂಗಡ್ಡೆ.

ಜೀವಕೋಶದೊಳಗೆ ಆಮ್ಲಜನಕ ಬಳಕೆಯಾಗಿ ಶಕ್ತಿ ಹುಟ್ಟುವುದಕ್ಕೆ ಒಂದು ಸರಪಳಿ ಇದೆ. ಕೈಯಿಂದ ಕೈಗೆ ಕೊಡ ದಾಟಿಸಿದ ಹಾಗೆ ಇಲೆಕ್ಟ್ರಾನುಗಳು ಒಂದು ಪದಾರ್ಥದಿಂದ ಇನ್ನೊಂದಕ್ಕೆ ದಾಟುತ್ತವೆ. ಆ ಸಾಲಿನಲ್ಲಿ ನಿಂತಿರುವ ಒಂದರ ಹೆಸರು ಸೈಟೋಕ್ರೋಮ್ ಸಿ. ಸೈಟೋಕ್ರೋಮ್ ಎಂಬ ಹೆಸರನ್ನು ಕೇಂಬ್ರಿಜ್‌ನವರೇ ಆದ ಡೇವಿಡ್ ಕೀಲಿನ್ 1925ರಲ್ಲಿ ಇಟ್ಟಿದ್ದರು. ಕಮಲಾ ತೋರಿಸಿದ್ದು, ಈ ಸೈಟೋಕ್ರೋಮ್ ಸಿ ಸಸ್ಯದ ಜೀವಕೋಶಗಳಲ್ಲೂ ಇದೆ, ಅಲ್ಲಿಯ ಉಸಿರಾಟಕ್ಕೂ ಅದೇ ಬೇಕು ಎಂಬುದನ್ನು. 1939ರಲ್ಲಿ ಪಿಎಚ್‌.ಡಿ. ಸಿಕ್ಕಿತು. ಪ್ರಬಂಧ ಇದ್ದದ್ದು ನಲವತ್ತೇ ಪುಟ! ನನ್ನ ಮಗಳ ಮೊದಲ ವರ್ಷದ ಪ್ರಾಕ್ಟಿಕಲ್ ರೆಕಾರ್ಡೇ ಅದರ ಮೂರರಷ್ಟು ದಪ್ಪ ಇದೆ.

ವಿಜ್ಞಾನದಲ್ಲಿ ಪಿಎಚ್‌.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಕರೆಯುತ್ತಾರೆ. 1931ರಲ್ಲೇ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅಮೆರಿಕದ ಮಿಶಿಗನ್‌ನಿಂದ ಡಿ.ಎಸ್‌ಸಿ. ಪಡೆದಿದ್ದರು ಎಂಬುದನ್ನೂ ನೆನಪಿನಲ್ಲಿ ಇಟ್ಟುಕೊಳ್ಳೋಣ. ಯಾರು ಮೊದಲು ಎಂಬ ಲೆಕ್ಕದಲ್ಲಿ ಇಬ್ಬರಲ್ಲಿ ಒಬ್ಬರು ಮರೆಯಾಗುವುದು ನನಗೆ ಹಿಡಿಸುವುದಿಲ್ಲ.

ಆ ಸರಪಳಿಯ ವಿಷಯ ಫೋನಿನಲ್ಲಿ ಹೇಳುತ್ತಿದ್ದಾಗ ಮಗಳು ಥಟ್ಟನೆ ಒಂದು ಮಾತು ಸೇರಿಸಿದಳು. ಸಯನೈಡ್ ಕೊಲ್ಲುವುದು ಅಲ್ಲೇ ಅಂತೆ. ಸೈಟೋಕ್ರೋಮ್ ಸಿ ಯಾರ ಕೈಗೆ ಕೊಡ ದಾಟಿಸಬೇಕೋ, ಆ ಕೊನೆಯ ಕೈಯನ್ನು, ಸೈಟೋಕ್ರೋಮ್ ಆಕ್ಸಿಡೇಸನ್ನು, ಸಯನೈಡ್ ಹೋಗಿ ಹಿಡಿದುಬಿಡುತ್ತದೆ. ರಕ್ತದಲ್ಲಿ ಆಮ್ಲಜನಕ ಬೇಕಾದಷ್ಟು ಇರುತ್ತದೆ, ಜೀವಕೋಶಕ್ಕೆ ಅದನ್ನು ಬಳಸಲು ಆಗುವುದಿಲ್ಲ. ಅದಕ್ಕೇ ಅಂಥ ಸಾವಿನಲ್ಲಿ ಎಷ್ಟೋ ಸಲ ರಕ್ತ ಎದ್ದು ಕಾಣುವಷ್ಟು ಕೆಂಪಗಿರುತ್ತದೆ. ಆಲೂಗಡ್ಡೆಯಲ್ಲಿ ಕಮಲಾ ಕಂಡದ್ದಕ್ಕೂ ವಿಷಪ್ರಕರಣದ ವರದಿಗೂ ಒಂದೇ ಕೊಂಡಿಯ ದೂರ. ಕೆಮಿಸ್ಟ್ರಿ ಬೇರೆ, ಫೊರೆನ್ಸಿಕ್ ಬೇರೆ ಅಂತ ವಾರಗಟ್ಟಲೆ ಜಗಳವಾಡಿದವಳು ನಾನು.

ಇನ್ನೊಂದು ಸಂಗತಿಯನ್ನು ಅವಳು ಸೀನಿಯರ್‌ಗಳಿಂದ ಕೇಳಿ ಹೇಳಿದಳು. ವಿಷದ ಅನುಮಾನ ಇರುವ ಶವದ ಹೊಟ್ಟೆ, ಯಕೃತ್ತು ಮುಂತಾದವುಗಳ ಭಾಗವನ್ನು ಪರೀಕ್ಷೆಗೆ ಕಳಿಸುವಾಗ ಗಾಜಿನ ಬಾಟಲಿಯಲ್ಲಿ, ಇನ್ನು ಕರಗದಷ್ಟು ಉಪ್ಪು ಹಾಕಿದ ನೀರಿನಲ್ಲಿ ಇಡುತ್ತಾರೆ. ನಾವು ಮಾವಿನಕಾಯಿ ಇಡುವ ಹಾಗೆಯೇ! ಬಾಟಲಿಗೆ ಅರಗಿನ ಮುದ್ರೆ, ಚೀಟಿ, ಯಾರು ಕೊಟ್ಟರು ಯಾರು ತೆಗೆದುಕೊಂಡರು ಎಂಬ ಸಹಿ. ಒಂದು ಕಡೆ ಮುದ್ರೆ ಒಡೆದಿದ್ದರೆ, ಒಳಗಿನ ರಸಾಯನ ಎಷ್ಟೇ ಸರಿ ಇದ್ದರೂ ಕೋರ್ಟಿನಲ್ಲಿ ಪ್ರಶ್ನೆ ಏಳುತ್ತದೆ. ಇದನ್ನು ಕೇಳಿದ ಮೇಲೆ ಉಪ್ಪಿನಕಾಯಿ ಭರಣಿ ಮುಟ್ಟುವಾಗ ನನಗೆ ಒಂದೆರಡು ವಾರ ಹೇಗೋ ಆಗುತ್ತಿತ್ತು. ಅತ್ತೆಯವರಿಗೆ ಹೇಳಲಿಲ್ಲ.

ಕಮಲಾ 1939ರಲ್ಲಿ ಭಾರತಕ್ಕೆ ಮರಳಿದರು. ವಿದೇಶದಲ್ಲೇ ಉಳಿಯಬಹುದಿತ್ತು, ಉಳಿಯಲಿಲ್ಲ. ದೆಹಲಿಯ ಲೇಡಿ ಹಾರ್ಡಿಂಜ್ ಮೆಡಿಕಲ್ ಕಾಲೇಜಿನಲ್ಲಿ ಹೊಸದಾಗಿ ತೆರೆದ ಜೀವರಸಾಯನ ವಿಭಾಗದ ಮುಖ್ಯಸ್ಥೆಯಾದರು. ಅಲ್ಲಿಂದ ಕೂನೂರಿನ ಪೋಷಣಾ ಸಂಶೋಧನಾಲಯಕ್ಕೆ ಹೋಗಿ ವಿಟಮಿನ್ನುಗಳ ಮೇಲೆ ಕೆಲಸ ಮಾಡಿದರು. 1947ರಲ್ಲಿ ಎಂ. ವಿ. ಸೊಹೊನಿ ಅವರನ್ನು ಮದುವೆಯಾಗಿ ಮುಂಬಯಿಗೆ ಬಂದರು. ಮದುವೆಯಾಗಿ ಇನ್ನೊಂದು ಊರಿಗೆ ಬಂದದ್ದು ನಾನೂ ಹೌದು, ಅವರೂ ಹೌದು. ಅವರು ಮುಂಬಯಿಗೆ ಬಂದು ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನದ ಪ್ರಾಧ್ಯಾಪಕಿಯಾದರು. ಈ ವ್ಯತ್ಯಾಸವನ್ನು ಬೇರೆ ಯಾರ ಲೆಕ್ಕಕ್ಕೂ ಬರೆಯಲು ನನಗೆ ಬರುವುದಿಲ್ಲ.

ಮುಂಬಯಿಯಲ್ಲಿ ಅವರು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಮಾಡಿದ ಕೆಲಸವೆಲ್ಲ ಬಡವರ ತಟ್ಟೆಯ ಸುತ್ತಲೇ ಇದ್ದದ್ದು ನನಗೆ ಬಹಳ ಹಿಡಿಸಿತು. ಬೇಳೆಕಾಳು, ಅಕ್ಕಿ ಹಿಟ್ಟು, ನೀರಾ. ಈಚಲು, ತಾಳೆ ಮರಗಳಿಂದ ಇಳಿಸುವ, ಹುಳಿಯದ ರಸವೇ ನೀರಾ. ಅದರ ಪೋಷಕಾಂಶಗಳನ್ನು ಪರೀಕ್ಷಿಸುವಂತೆ ಸೂಚಿಸಿದವರು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು. ಪೌಷ್ಟಿಕತೆಯಿಲ್ಲದೆ ಬಳಲುತ್ತಿದ್ದ ಬುಡಕಟ್ಟಿನ ಮಕ್ಕಳಿಗೂ ಬಸುರಿಯರಿಗೂ ನೀರಾ ಕೊಟ್ಟಾಗ ಆರೋಗ್ಯ ಸುಧಾರಿಸಿದ್ದನ್ನು ಕಮಲಾ ತೋರಿಸಿದರು. ಇದಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಆರೇ ಹಾಲಿನ ಡೇರಿಗೂ ಸಲಹೆ ಕೊಟ್ಟು, ಹಾಲು ಒಡೆಯದಂತೆ ನೋಡಿಕೊಳ್ಳುವ ಕ್ರಮ ರೂಪಿಸಿದರು.

ಅವರೆಕಾಳು ಬರುವುದು ಇಲ್ಲಿ. 1955ರಲ್ಲಿ ಕಮಲಾ ಮತ್ತು ಕೆ. ಎಸ್. ಅಂಬೆ ಇಬ್ಬರೂ ಸೇರಿ ನೇಚರ್ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಪ್ರಕಟಿಸಿದರು. ನಮ್ಮ ಅವರೆಯಿಂದಲೂ ಡಬಲ್ ಬೀನ್ಸ್‌ನಿಂದಲೂ ಒಂದು ಪ್ರೋಟೀನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ ವಿಷಯ. ಆ ಪ್ರೋಟೀನಿನ ಸ್ವಭಾವ ವಿಚಿತ್ರ. ನಮ್ಮ ಕರುಳಿನಲ್ಲಿ ಪ್ರೋಟೀನನ್ನು ಜೀರ್ಣ ಮಾಡುವ ಟ್ರಿಪ್ಸಿನ್ ಎಂಬ ಕಿಣ್ವವನ್ನೇ ಅದು ತಡೆಯುತ್ತದೆ. ಚೆನ್ನಾಗಿ ಬೇಯಿಸಿದರೆ ಅದರ ಶಕ್ತಿ ಬಹುಮಟ್ಟಿಗೆ ಅಡಗುತ್ತದೆ. ನಮ್ಮ ಅವ್ವ ಅವರೆಕಾಳನ್ನು ರಾತ್ರಿ ನೆನೆಹಾಕಿ, ಹಿಚುಕಿ, ಎರಡು ಕುದಿ ಹೆಚ್ಚೇ ಕುದಿಸುತ್ತಿದ್ದಳು. ಕಾರಣ ಕೇಳಿದರೆ ವಾಯು ಆಗುತ್ತದೆ ಎನ್ನುತ್ತಿದ್ದಳು. ಕುದಿಸುವುದು ಅವ್ವನಿಗೆ ಗೊತ್ತಿತ್ತು, ಕಾಳಿನೊಳಗೆ ಜೀರ್ಣವನ್ನೇ ತಡೆಯುವ ಪದಾರ್ಥವೊಂದಿದೆ ಎಂಬುದನ್ನು ಹರಳು ಮಾಡಿ ತೋರಿಸಿದವರು ಕಮಲಾ.

ಕಾಳಿನ ಪ್ರೋಟೀನು ಅಂದಾಗ ಮಗಳು ಗುಲಗಂಜಿಯನ್ನು ನೆನಪಿಸಿದಳು. ಅದೂ ಅವರೆಯ ಬಳಗದ ಗಿಡವೇ. ಅದರ ಬೀಜದಲ್ಲಿರುವ ಏಬ್ರಿನ್ ಎಂಬ ಪ್ರೋಟೀನು ಕಡು ವಿಷ. ಹಿಂದೆ ಅದನ್ನು ಅರೆದು ಸೂಜಿಯಂತೆ ಮಾಡಿ ಒಣಗಿಸಿ, ದನಗಳಿಗೆ ಚುಚ್ಚಿ ಕೊಲ್ಲುತ್ತಿದ್ದರಂತೆ. ವಿಷವಿಜ್ಞಾನದ ಪಾಠದಲ್ಲಿ ಇದು ಇವತ್ತಿಗೂ ಬರುತ್ತದೆ. ಒಂದು ಬಳಗದಲ್ಲೇ ಒಂದು ಸಾರಿಗೆ, ಇನ್ನೊಂದು ಪೊಲೀಸ್ ಠಾಣೆಗೆ.

ಕಮಲಾ ಸಂಸ್ಥೆಯ ನಿರ್ದೇಶಕಿಯಾಗಬೇಕಾದ ಹೊತ್ತಿಗೆ ಒಳಗಿನ ರಾಜಕೀಯದಿಂದ ನಾಲ್ಕು ವರ್ಷ ತಡವಾಯಿತು ಎನ್ನುತ್ತಾರೆ. ಮೊದಲ ಸಲ ಒಂದು ವರ್ಷ ಪರೀಕ್ಷೆ, ಎರಡನೇ ಸಲ ನಾಲ್ಕು ವರ್ಷ. ಕೊನೆಗೂ ನಿರ್ದೇಶಕಿಯಾದರು. ಆಮೇಲೂ ಸುಮ್ಮನೆ ಕೂರಲಿಲ್ಲ. ಗ್ರಾಹಕರ ಹಕ್ಕಿಗಾಗಿ 1966ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿಯಲ್ಲಿ ದುಡಿದರು, 1982–83ರಲ್ಲಿ ಅದರ ಅಧ್ಯಕ್ಷೆಯಾಗಿದ್ದರು, ಅದರ ಕೀಮತ್ ಪತ್ರಿಕೆಗೆ ಬರೆದರು. ಹಾಲಿಗೆ ಹಿಟ್ಟು ಬೆರೆಸಿದ್ದರೆ ಒಂದು ಹನಿ ಅಯೋಡಿನ್‌ಗೆ ನೀಲಿ ಬಣ್ಣ ಬರುತ್ತದೆ, ನಮಗೆ ಗೊತ್ತು. ಅಂಗಡಿಯವನ ಮುಂದೆ ಬರೀ ಅನುಮಾನ ಹೇಳುವುದಕ್ಕೂ ಆ ನೀಲಿಯನ್ನು ತೋರಿಸುವುದಕ್ಕೂ ಇರುವ ಅಂತರವೇ ಮಗಳು ಓದುತ್ತಿರುವ ಓದು. 2024ರ ಜುಲೈಯಿಂದ ಜಾರಿಯಾದ ಹೊಸ ಕಾನೂನಿನಲ್ಲಿ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು ಎಂದಿದೆ. ರಾಜ್ಯಗಳಿಗೆ ಇದನ್ನು ಜಾರಿಗೆ ತರಲು ಐದು ವರ್ಷ ಸಮಯ ಕೊಟ್ಟಿದ್ದಾರೆ. ಅಪರಾಧ ಗಡಿಯಾರ ನೋಡಿ ನಡೆಯುವುದಿಲ್ಲ. ಸಂಜೆ ಆರರೊಳಗೆ ಹಾಸ್ಟೆಲಿಗೆ ಮರಳಬೇಕೆಂದು ಬರೆಸಿಕೊಂಡವಳು ಇದನ್ನು ಯೋಚಿಸಿರಲಿಲ್ಲ.

ವಯಸ್ಸಾದ ಮೇಲೆ, ಮಹಿಳಾ ವಿಜ್ಞಾನಿಗಳು ಸೇರಿದ್ದ ಒಂದು ಸಭೆಯಲ್ಲಿ ಕಮಲಾ ಬೆಂಗಳೂರಿನ ಆ ಪ್ರವೇಶದ ಕತೆ ಹೇಳಿದರು. ಅರವತ್ತಕ್ಕೂ ಹೆಚ್ಚು ವರ್ಷ ಕಳೆದಿತ್ತು. ರಾಮನ್ ದೊಡ್ಡ ವಿಜ್ಞಾನಿ ಎಂಬುದನ್ನು ಅವರು ಅಲ್ಲಗಳೆಯಲಿಲ್ಲ, ಆದರೆ ಅವರು ತಮ್ಮನ್ನು ನಡೆಸಿಕೊಂಡ ರೀತಿಯನ್ನು ಮರೆಯಲಾಗಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ನಾನು ಈ ಭಾಗವನ್ನು ಎರಡು ಸಲ ಓದಿದೆ. ಗೆದ್ದವಳಲ್ಲವೇ, ಮರೆಯಬಹುದಿತ್ತಲ್ಲ ಎಂದು ಮೊದಲು ಅನ್ನಿಸಿತ್ತು.

1998ರ ಜೂನ್ 28ರಂದು ಅವರು ತೀರಿಕೊಂಡರು. ದೆಹಲಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅವರನ್ನು ಸನ್ಮಾನಿಸುತ್ತಿದ್ದಾಗ ಕುಸಿದು ಬಿದ್ದರು, ಸ್ವಲ್ಪ ದಿನಗಳಲ್ಲೇ ಹೋದರು. ಅಷ್ಟು ತಡವಾಗಿ ಬಂದಿತ್ತು ಆ ಸನ್ಮಾನ. ಅವರು ಹೋದ ವರ್ಷ ನಾನು ನಾಸಿಕದಲ್ಲೇ ಇದ್ದೆ, ಮುಂಬಯಿಗೆ ನಾಲ್ಕು ಗಂಟೆಯ ದಾರಿಯಲ್ಲಿ. ಪೇಪರಿನಲ್ಲಿ ಸುದ್ದಿ ಬಂದಿದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ.

ಮಹಿಳಾ ದಿನದಂದು ಇಷ್ಟನ್ನೂ ಹೇಳಿದೆ, ಕ್ಯಾಲೆಂಡರಿನ ಹಾಳೆಯ ವಿಷಯ ಒಂದನ್ನು ಬಿಟ್ಟು. ಅದನ್ನು ಈಗ ನಿಮ್ಮೆಲ್ಲರಿಗೂ ಬರೆದು ತಿಳಿಸುತ್ತಿದ್ದೇನೆ. ಅವತ್ತು ಸಭೆ ಮುಗಿಸಿ ಮನೆಗೆ ಬಂದು ಆ ಹಾಳೆ ತೆಗೆದೆ. ಅವಳ ಸಹಿಯ ಪಕ್ಕ ಒಂದು ಬೆರಳಚ್ಚೂ ಇತ್ತು. ದೀಪಾವಳಿ ರಜೆಗೆ ಬಂದಾಗ ಅಜ್ಜಿಗೆ ತೋರಿಸಲೆಂದು ಕಪ್ಪು ಪುಡಿಯಲ್ಲಿ ಬೆರಳಚ್ಚು ತೆಗೆಯುತ್ತಿದ್ದಳು, ಆಗ ಹಾಕಿದ್ದಿರಬೇಕು. ನಾನು ಗಮನಿಸಿಯೇ ಇರಲಿಲ್ಲ.

ಮೊದಲ ವರ್ಷದ ಫಲಿತಾಂಶ ಬಂದು ಆಗಲೇ ಬಹಳ ದಿನವಾಗಿತ್ತು. ಎಪ್ಪತ್ತನಾಲ್ಕು. ಷರತ್ತು ಮುಗಿಯಿತು ಅಂತ ನಾನು ಒಂದು ದಿನವೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಹೇಳಿಬಿಡೋಣ ಎಂದು ಫೋನ್ ಮಾಡಿದೆ. ರಾತ್ರಿ ಎಂಟು ಗಂಟೆ. ಎತ್ತಲಿಲ್ಲ. ಒಂಬತ್ತಕ್ಕೆ ಅವಳೇ ಮಾಡಿದಳು. ಲ್ಯಾಬಿನಲ್ಲಿ ಇದ್ದಳಂತೆ. ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಾದಳು, ಆಮೇಲೆ ನಾನೇನು ಬೈಯುವುದಿಲ್ಲವೇ ಅಂತ ಕೇಳಿದಳು. ಊಟ ಆಯಿತಾ ಅಂತ ಕೇಳಿದೆ.